ತಾಟಿನ ಅಂಚಿನ ಗುಳಿಗೆ

ನಮ್ಮ ಮನೆಯಲ್ಲಿ ನನ್ನ ಗುಳಿಗೆಗಳ ಕಾರಭಾರವೆಲ್ಲ ಹೆಂಡತಿಯದು. ರಕ್ತ ತೆಳುವಾಗಿಸುವ ಬೆಳಗಿನ ಗುಳಿಗೆ ಚಹಾದ ಬಸಿಯಲ್ಲಿ ಬರುತ್ತದೆ. ಕೊಲೆಸ್ಟ್ರಾಲ್ ಇಳಿಸುವ ರಾತ್ರಿಯ ಗುಳಿಗೆ ಊಟದ ತಾಟಿನ ಅಂಚಿನಲ್ಲಿ, ಉಪ್ಪು ಬಡಿಸುವ ಜಾಗದಲ್ಲಿ ಬರುತ್ತದೆ. ನಾನು ತಾಟು ಖಾಲಿ ಮಾಡಿ, ಕೊನೆಗೆ ಅದನ್ನೂ ನುಂಗಿ, ಕೈ ತೊಳೆಯಲು ಏಳುತ್ತೇನೆ. ಪುಣೆ ಹತ್ತಿರದ ರಾಂಜಣಗಾಂವದ ಕಾರ್ಖಾನೆಯೊಂದರಲ್ಲಿ ನಿವೃತ್ತಿಯಾಗುವವರೆಗೆ ಮೇಂಟೆನೆನ್ಸ್ ನೋಡಿಕೊಂಡವನು ನಾನು. ಯಾವ ಮಷೀನಿಗೆ ಯಾವ ಗ್ರೀಸು, ಯಾವಾಗ, ಎಷ್ಟು ಎಂದು ಕೇಳಿದ್ದರೆ ನಿದ್ದೆಗಣ್ಣಲ್ಲೂ ಹೇಳುತ್ತಿದ್ದೆ. ನನ್ನ ಹೊಟ್ಟೆಗೆ ಏನು ಹೋಗುತ್ತದೆ ಎಂಬುದನ್ನು ಮಾತ್ರ ಎಂದೂ ವಿಚಾರಿಸಿದವನಲ್ಲ.

ಈ ವ್ಯವಸ್ಥೆ ಶುರುವಾದದ್ದು ನನ್ನ ಎದೆಯೊಳಗೆ ಸ್ಟೆಂಟ್ ಕೂರಿಸಿ ಮನೆಗೆ ಕಳಿಸಿದ ಮೇಲೆ. ಸ್ಟೆಂಟ್ ಹಾಕುತ್ತಿದ್ದ ಹೊತ್ತಿನಲ್ಲಿ ಆಸ್ಪತ್ರೆಯ ಹೊರಗೆ ಕುರ್ಚಿಯ ಮೇಲೆ ಕೂತು ಆಕೆ ಒಂದೇ ಸಮ ಮಲ್ಲಯ್ಯನನ್ನು ಕರೆದಳಂತೆ. ಶ್ರೀಶೈಲದ ಮಲ್ಲಯ್ಯ ಆಕೆಯ ತವರಿನ ದೇವರು. ವಿಜಯಪುರದ ಕಡೆಯಿಂದ ಪುಣೆಯ ಕೋಥರೂಡದ ಈ ಮನೆಗೆ ಬರುವಾಗ ಪಾತ್ರೆ ಪಡಗಗಳ ಜೊತೆ ಆತನೂ ಬಂದಿದ್ದಾನೆ. ನನಗೆ ಎಚ್ಚರವಾದ ಮೇಲೆ ಆಕೆ ಹೇಳಿದ ಮೊದಲ ಮಾತು, "ಮಲ್ಲಯ್ಯ ಕಾಯ್ದ." ನಾನು ಹೇಳಿದ ಮೊದಲ ಮಾತು, "ಹಂಗಾರ ಬಿಲ್ಲೂ ಅವನ ಹೆಸರಿಗೆ ಬರಸು." ಮದುವೆಯಾದಾಗಿನಿಂದ ನಮ್ಮ ಸಂಸಾರ ಹೀಗೇ ನಡೆದಿದೆ. ಆಕೆ ದೇವರನ್ನು ಬಿಟ್ಟಿಲ್ಲ, ನಾನು ಆಕೆಯನ್ನು ಚುಚ್ಚುವುದನ್ನು ಬಿಟ್ಟಿಲ್ಲ. ವಾದದಲ್ಲಿ ಪ್ರತಿ ಸಲ ನಾನೇ ಗೆಲ್ಲುತ್ತಿದ್ದೆ, ಯಾಕೆಂದರೆ ಆಕೆ ನಡುವೆಯೇ ಎದ್ದು ಒಗ್ಗರಣೆ ಹಾಕಲು ಹೋಗಿಬಿಡುತ್ತಿದ್ದಳು.

ಎದೆ ಸುಧಾರಿಸಿತು. ಆದರೆ ಕೆಲವು ತಿಂಗಳಲ್ಲಿ ಉಳಿದ ಮೈ ಕೈಕೊಡತೊಡಗಿತು. ಮೊದಲು ಎರಡೂ ಭುಜ ಹಿಡಿದುಕೊಂಡವು, ಆಮೇಲೆ ಸೊಂಟದ ಕೀಲು, ಆಮೇಲೆ ಮೊಣಕಾಲು. ಬೆಳಿಗ್ಗೆ ಎದ್ದರೆ ಬೆರಳು ಮಡಚಲು ಬರುತ್ತಿರಲಿಲ್ಲ. ಪೇಸ್ಟಿನ ಮುಚ್ಚಳ ತೆಗೆಯಲು ಹಲ್ಲು ಹಚ್ಚುತ್ತಿದ್ದೆ. ಸಿಟಿ ಬಸ್ಸಿನ ಮೆಟ್ಟಿಲು ಹತ್ತುವಾಗ ಹಿಂದಿನವರು "ಚಲಾ ಕಾಕಾ, ಚಲಾ" ಎಂದು ಅವಸರ ಮಾಡಿದರೆ ನನಗೆ ಪಿತ್ತ ನೆತ್ತಿಗೇರುತ್ತಿತ್ತು. ಕಾರ್ಖಾನೆಯ ಬಸ್ಸಿನಲ್ಲಿ ವರ್ಷಗಟ್ಟಲೆ ಕುಲುಕಾಡಿದ್ದರ ಫಲ ಇದು ಅಂದುಕೊಂಡೆ. ಪುಣೆಯ ಚಳಿಯನ್ನು ಬೈದೆ. ವಯಸ್ಸಾಯಿತು ಎಂಬುದನ್ನು ಮಾತ್ರ ಆಗ ಒಪ್ಪಲಿಲ್ಲ.

ಹೃದಯದ ಡಾಕ್ಟರಿಗೆ ಯಾಕೆ ಹೇಳಲಿಲ್ಲ ಎಂದರೆ, ಅವರದು ಹೃದಯದ ಖಾತೆ. ನಮ್ಮ ಕಾರ್ಖಾನೆಯಲ್ಲಿ ಎಲೆಕ್ಟ್ರಿಕಲ್‌ನವನ ಮುಂದೆ ಹೋಗಿ ನಳ ಸೋರುತ್ತದೆ ಎಂದು ಹೇಳುವವನನ್ನು ಕಂಡು ಎಲ್ಲರೂ ನಗುತ್ತಿದ್ದರು. ಮೊಣಕಾಲಿಗೆ ಬೇರೆ ಡಾಕ್ಟರು ಇರುತ್ತಾರೆ, ಅವರಲ್ಲಿಗೆ ಎಂದಾದರೂ ಹೋದರಾಯಿತು ಎಂದು ಸುಮ್ಮನಿದ್ದೆ. ಅಷ್ಟರಲ್ಲಿ ಎದುರು ಮನೆಯ ಮರಾಠಿ ಹೆಂಗಸು, ನಾವು ಅತ್ತಿಗೆ ಎಂಬ ಅರ್ಥದಲ್ಲಿ ವಹಿನಿ ಅನ್ನುವವರು, ಸಂದುನೋವಿಗೆ ಇದಕ್ಕಿಂತ ಒಳ್ಳೆಯದು ಇಲ್ಲ ಎಂದು ಒಂದು ಡಬ್ಬಿ ಅಂಟಿನ ಉಂಡೆ ತಂದುಕೊಟ್ಟರು. ಕೈಯಲ್ಲಿ ಹಿಡಿದರೆ ತುಪ್ಪ ಬೆರಳಿಗೆ ಇಳಿಯುತ್ತಿತ್ತು. ಆ ಡಬ್ಬಿಯನ್ನು ನನ್ನ ಹೆಂಡತಿ ನನ್ನ ಕಣ್ಣೆದುರಿಗೇ ಕಸಿದುಕೊಂಡಳು. ಕೊಬ್ಬು ಇಳಿಸಲು ರಾತ್ರಿ ಗುಳಿಗೆ, ನೋವು ಇಳಿಸಲು ಬೆಳಿಗ್ಗೆ ತುಪ್ಪ. ಎರಡರ ಜಗಳದಲ್ಲಿ ನಾನು ಬಡವಾಗುತ್ತೇನೆ ಎಂದು ಆಕೆಯ ವಾದ. ಉಂಡೆ ಆಕೆಯೇ ತಿಂದಳು.

ಶ್ರಾವಣ ಹತ್ತಿರ ಬಂತು. ಆಕೆ ಪ್ರತಿ ಶ್ರಾವಣವೂ ತಿಂಗಳಿಡೀ ಒಪ್ಪತ್ತು ಮಾಡುತ್ತಾಳೆ. ಮಧ್ಯಾಹ್ನ ಒಂದೇ ಊಟ. ರಾತ್ರಿ ಒಂದು ಲೋಟ ಹಾಲು, ಇದ್ದರೆ ಬಾಳೆಹಣ್ಣು. ಆ ವರ್ಷ ನಾನು ಗೋಡೆ ಹಿಡಿದು ಏಳುವುದನ್ನು ನೋಡಿ ನನ್ನ ಮುಂದೆ ಬಂದು ನಿಂತಳು.

"ಇಷ್ಟ ವರ್ಷ ನಾ ಒಬ್ಬಾಕೀನ ಮಾಡೀನ್ರಿ. ಒಂದ್ ಶ್ರಾವಣ ನನ್ನ ಸಂಗಾಟ ಒಪ್ಪತ್ತು ಹಿಡೀರಿ. ನಿಮ್ಮ ಕಾಲು ಹಿಡಿದದ್ದು ಬಿಟ್ಟರ ಅದು ಮಲ್ಲಯ್ಯನ ಕೃಪಾ. ಬಿಡಲಿಲ್ಲಂದರ ಇನ್ನ ಮ್ಯಾಲ ದೇವರ ಮಾತು ನಿಮ್ಮ ಮುಂದ ತಗ್ಯಾಂಗಿಲ್ಲ."

ಇದು ಪಂದ್ಯ. ಪಂದ್ಯವೆಂದರೆ ನಾನು ಬಿಡುವವನಲ್ಲ. ಆಕೆಯ ಬಾಯಿ ಶಾಶ್ವತವಾಗಿ ಮುಚ್ಚಿಸುವ ಅವಕಾಶ ತಾನಾಗಿ ಮನೆಗೆ ಬಂದಿದೆ ಎಂದು ಒಳಗೊಳಗೇ ಹಿಗ್ಗಿ ಒಪ್ಪಿಕೊಂಡೆ. ಬೆಳಿಗ್ಗೆ ಆಕೆಯ ಪಕ್ಕದಲ್ಲಿ ಕೂತು ಬಿಲ್ವಪತ್ರೆ ಏರಿಸಿದೆ. ಕೂತದ್ದು ಮಣೆಯ ಮೇಲಲ್ಲ, ಪ್ಲಾಸ್ಟಿಕ್ ಕುರ್ಚಿಯ ಮೇಲೆ. ದೇವರಿಗಿಂತ ಎತ್ತರ ಕೂತಿದ್ದೀನಿ, ನಡೀತದೇನು ಎಂದು ಕೇಳಿದೆ. ಆಕೆ ನನ್ನ ಕೈಗೆ ಇನ್ನೊಂದು ಪತ್ರೆ ಇಟ್ಟಳು.

ಎರಡನೆಯ ಸೋಮವಾರದ ಹೊತ್ತಿಗೆ ಭುಜ ಸಡಿಲವಾಗಿತ್ತು. ನಾನು ಹೇಳಲಿಲ್ಲ. ಮೂರನೆಯ ಸೋಮವಾರ ಕುರ್ಚಿಯನ್ನು ಮರೆತು ನೆಲದ ಮೇಲೆ ಕೂತುಬಿಟ್ಟೆ, ಮತ್ತು ಪೂಜೆ ಮುಗಿದ ಮೇಲೆ ಏನನ್ನೂ ಹಿಡಿಯದೆ ಎದ್ದೆ. ಎದ್ದ ಮೇಲೆ ನನಗೇ ಗೊತ್ತಾದದ್ದು. ಆಕೆ ಆರತಿಯ ತಟ್ಟೆ ಹಿಡಿದು ನನ್ನನ್ನೇ ನೋಡುತ್ತಿದ್ದಳು. ಕಣ್ಣು ತುಂಬಿತ್ತು. ಗೆದ್ದೆ ಎಂದು ಆಕೆ ಒಂದು ಮಾತು ಆಡಲಿಲ್ಲ, ಅದೇ ನನ್ನನ್ನು ಸೋಲಿಸಿತು.

ನನ್ನ ಎದುರು ಆಡಲಿಲ್ಲವೇ ಹೊರತು ನಮ್ಮ ಹೌಸಿಂಗ್ ಸೊಸೈಟಿಯಲ್ಲಿ ಆಡದೆ ಬಿಡಲಿಲ್ಲ. ಎದುರು ಮನೆಯ ವಹಿನಿಗೆ ಮರಾಠಿಯಲ್ಲಿ, ಊರಿನ ಅಕ್ಕನಿಗೆ ಫೋನಿನಲ್ಲಿ, ತರಕಾರಿಯವಳಿಗೆ ಎರಡೂ ಕಲಸಿ. ಅಡುಗೆಮನೆಯಿಂದ ಹಾಡು ಕೇಳಿಸತೊಡಗಿತು. ನನ್ನ ಆಪರೇಷನ್ ಆದಾಗಿನಿಂದ ನಮ್ಮ ಮನೆಯಲ್ಲಿ ಹಾಡು ನಿಂತಿತ್ತು ಎಂಬುದು ಅದು ಮತ್ತೆ ಕೇಳಿಸಿದಾಗಲೇ ನನ್ನ ಗಮನಕ್ಕೆ ಬಂತು. ಕೊನೆಯ ಸೋಮವಾರ ಐದು ಮಂದಿ ಜಂಗಮರಿಗೆ ಊಟ ಹಾಕುತ್ತೇನೆಂದು ಹರಕೆ ಹೊತ್ತಿದ್ದಳಂತೆ.

ಪುಣೆಯಲ್ಲಿ ಐದು ಜಂಗಮರನ್ನು ಎಲ್ಲಿಂದ ತರುವುದು? ಮಾರ್ಕೆಟ್ ಯಾರ್ಡ್‌ನಲ್ಲಿ ವ್ಯಾಪಾರ ಮಾಡುವ ನಮ್ಮ ಕಡೆಯ ಪರಿಚಯದವರು ಇಬ್ಬರು ಹಿರಿಯರನ್ನು ಕಳಿಸಿದರು. ಇನ್ನೊಬ್ಬರು ನಮ್ಮ ಓಣಿಯಲ್ಲೇ ಸಿಕ್ಕರು. ನಾಲ್ಕನೆಯವನು ಐಟಿ ಕಂಪನಿಯ ತರುಣ. ಕೊರಳಲ್ಲಿ ಲಿಂಗದ ಬದಲು ಆಫೀಸಿನ ಕಾರ್ಡು ನೇತಾಡುತ್ತಿತ್ತು, ಊಟದ ನಡುವೆ ಎರಡು ಸಲ ಫೋನಿಗೆ ಎದ್ದುಹೋದ. ಐದನೆಯವರು ಸಿಗಲೇ ಇಲ್ಲ. ಆಗ ನಾನೇ ಆ ತರುಣನ ರೂಮಿನ ಜೊತೆಗಾರನನ್ನು ಕರೆಸಿ ಕೂರಿಸಿದೆ. ಅವನು ಸಾಂಗ್ಲಿ ಕಡೆಯ ಮರಾಠಾ. ಹಸಿದು ಬಂದವ ಯಾರಾದರೂ ಜಂಗಮನೇ ಎಂದು ಹೆಂಡತಿಯನ್ನು ಒಪ್ಪಿಸಿದೆ. ಎಲ್ಲರಿಗಿಂತ ಹೆಚ್ಚು ಹೋಳಿಗೆ ತಿಂದವನು ಅವನೇ.

ಶ್ರಾವಣ ಮುಗಿಯಿತು. ಮರುದಿನ ರಾತ್ರಿ ತಾಟು ಬಂತು. ರೊಟ್ಟಿ, ಮಡಕಿಕಾಳಿನ ಪಲ್ಯ, ಶೇಂಗಾ ಹಿಂಡಿ. ಅಂಚಿನಲ್ಲಿ ಉಪ್ಪಿನ ಜಾಗದಲ್ಲಿ ಗುಳಿಗೆ. ಅದನ್ನು ನೋಡಿ, ಎಷ್ಟು ದಿನವಾಯಿತಪ್ಪಾ ನಿನ್ನನ್ನು ಕಂಡು ಎಂದುಕೊಂಡೆ. ನಗುತ್ತಲೇ ನುಂಗಿದೆ. ಆ ಯೋಚನೆ ಮಾತ್ರ ಗಂಟಲಿನಿಂದ ಕೆಳಗೆ ಇಳಿಯಲಿಲ್ಲ.

ಮಷೀನಿನ ಕೆಲಸದಲ್ಲಿ ನಾನು ಹೊಸಬರಿಗೆ ಮೊದಲು ಕಲಿಸುತ್ತಿದ್ದ ಪಾಠ ಒಂದೇ. ಸದ್ದು ಬರುತ್ತಿದ್ದರೆ ಒಂದು ಸಲಕ್ಕೆ ಒಂದನ್ನೇ ಬದಲಿಸು. ಎರಡು ಬದಲಿಸಿದರೆ ಸದ್ದು ನಿಲ್ಲಬಹುದು, ಆದರೆ ಯಾವುದರಿಂದ ನಿಂತಿತು ಎಂದು ನಿನಗೆ ಗೊತ್ತಾಗುವುದಿಲ್ಲ. ಶ್ರಾವಣದಲ್ಲಿ ನಾನು ಎರಡು ಬದಲಿಸಿದ್ದೆ, ಒಂದು ಮಾತ್ರ ನನಗೆ ತಿಳಿದಿತ್ತು. ರಾತ್ರಿ ಊಟವಿಲ್ಲದ್ದರಿಂದ ತಾಟು ಬರಲಿಲ್ಲ. ತಾಟು ಬಾರದ್ದರಿಂದ ರಾತ್ರಿಯ ಗುಳಿಗೆ ಬರಲಿಲ್ಲ; ಬೆಳಗಿನದು ಮಾತ್ರ ಬಸಿಯಲ್ಲಿ ಬರುತ್ತಿತ್ತು. ಈಗ ತಾಟೂ ಗುಳಿಗೆಯೂ ತಿರುಗಿ ಬಂದಿದ್ದವು. ಗಣಪತಿ ಹಬ್ಬದ ಡೋಲು ಬೀದಿಯಲ್ಲಿ ಜೋರಾಗುವ ಹೊತ್ತಿಗೆ ಭುಜದ ನೋವೂ ತಿರುಗಿ ಬಂತು, ಆಮೇಲೆ ಮೊಣಕಾಲು, ಆಮೇಲೆ ಬೆರಳು. ಕಾಗೆ ಕೂಡುವುದಕ್ಕೂ ಟೊಂಗೆ ಮುರಿಯುವುದಕ್ಕೂ ಸರಿಹೋಗಿತ್ತು, ನಾವು ಕಾಗೆಗೆ ನೈವೇದ್ಯ ಮಾಡಿದ್ದೆವು.

ನೋವು ತಂದದ್ದು ಗುಳಿಗೆ ಎಂದು ತಿಳಿದ ಮೇಲೆ ಹಿಂದಿನ ನಾನಾಗಿದ್ದರೆ ಅಡುಗೆಮನೆಯ ಬಾಗಿಲಿಗೆ ಹೋಗಿ ನಿಂತು ಆಕೆಯ ಮಲ್ಲಯ್ಯನನ್ನು ಉಪ್ಪು ಖಾರ ಹಚ್ಚಿ ಹುರಿಯುತ್ತಿದ್ದೆ. ಹೋದೆ ಕೂಡ. ಆಕೆ ಹಾಡುತ್ತ ಹಿಟ್ಟು ನಾದುತ್ತಿದ್ದಳು. ಏನ್ರೀ ಎಂದು ಕೇಳಿದಳು, ಏನಿಲ್ಲ ಎಂದು ತಿರುಗಿ ಬಂದೆ. ಹೇಳಿದರೆ ಆಕೆಗೆ ಸಿಕ್ಕ ಒಂದೇ ಒಂದು ಗೆಲುವು ಹೋಗುತ್ತದೆ. ಅದಕ್ಕಿಂತ ಹೆಚ್ಚಾಗಿ, ಸ್ಟೆಂಟ್ ಹಾಕಿಸಿಕೊಂಡ ಗಂಡನ ಗುಳಿಗೆಯನ್ನು ಒಂದು ತಿಂಗಳು ತಾನೇ ತಪ್ಪಿಸಿದೆ ಎಂಬುದು ಆಕೆಗೆ ಗೊತ್ತಾಗುತ್ತದೆ. ಆ ಮಾತು ಆಕೆಯನ್ನು ಸುಡುತ್ತದೆ ಎಂದು ನನಗೆ ಭಯವಾಯಿತು. ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ. ಡಾಕ್ಟರಿಗೆ ಗುಟ್ಟಾಗಿ ಹೇಳೋಣವೆಂದರೆ ಆಕೆ ನನ್ನನ್ನು ಒಬ್ಬನೇ ಆಸ್ಪತ್ರೆಗೆ ಕಳಿಸುವವಳಲ್ಲ. ಕೊನೆಗೆ ನಾನು ತೀರ್ಮಾನಿಸಿದ್ದು ಇಷ್ಟು: ಗುಳಿಗೆ ನುಂಗುವುದು, ನೋವು ತಡೆಯುವುದು, ಮುಖದ ಮೇಲೆ ತೋರಿಸದಿರುವುದು. ದೇವರನ್ನು ನಂಬದ ನಾನು ದೇವರ ಮಾನ ಕಾಯಲು ನಿಂತೆ.

ನಾಟಕ ಮಾಡುವುದು ನನಗೆ ಬಾರದು. ನಗುತ್ತ ಕುರ್ಚಿಯಿಂದ ಏಳುತ್ತಿದ್ದೆ, ಆದರೆ ಏಳುವ ಮೊದಲು ಒಂದು ಗಳಿಗೆ ಉಸಿರು ಹಿಡಿಯುತ್ತಿದ್ದೆ. ಆಕೆಗೆ ಆ ಉಸಿರೇ ಸಾಕಾಯಿತು. ಶ್ರಾವಣದ ಒಪ್ಪತ್ತು ಸಾಲದೆಂಬಂತೆ ಪ್ರತಿ ಸೋಮವಾರ ಉಪವಾಸ ಶುರು ಮಾಡಿದಳು, ಅದೂ ನೀರಿಲ್ಲದೆ. ಬರಿಗಾಲಲ್ಲಿ ಗುಡಿಗೆ ಹೋಗತೊಡಗಿದಳು. ಹಾಡು ನಿಂತಿತು. ಯಾಕೆ ಎಂದರೆ ಮನಸ್ಸಿಗೆ ಬಂತು ಅನ್ನುತ್ತಿದ್ದಳು. ಆಕೆಗೆ ಬಿ.ಪಿ. ಮೊದಲಿನಿಂದಲೂ ಕಡಿಮೆ, ನಾನು ಬೈದೆ, ರೇಗಿದೆ, ಒಂದು ದಿನ ಮಾತು ಬಿಟ್ಟೆ. ಆಕೆ ಕೇಳಲಿಲ್ಲ.

ಒಂದು ಸೋಮವಾರ ಮಧ್ಯಾಹ್ನ ಅಡುಗೆಮನೆಯಲ್ಲಿ ಸ್ಟೀಲಿನ ಡಬ್ಬಿ ಬಿದ್ದ ಸದ್ದಾಯಿತು. ಓಡಿದೆ ಎನ್ನಲಾರೆ, ಕಾಲೆಳೆದುಕೊಂಡು ಹೋದೆ. ಆಕೆ ನೆಲದ ಮೇಲೆ ಕಪಾಟಿಗೆ ಒರಗಿ ಕೂತಿದ್ದಳು. ಮುಖ ಬಿಳಿಚಿತ್ತು, ಹಣೆ ತಣ್ಣಗೆ ಬೆವರಿತ್ತು. ಎಬ್ಬಿಸಲು ಕಂಕುಳಿಗೆ ಕೈ ಹಾಕಿ ಎತ್ತಿದೆ. ಭುಜ ಕಿತ್ತು ಬಂದಂತೆ ನೋವಾಯಿತು, ಮೊಣಕಾಲು ಮಡಚಿತು, ನಾನೂ ಧೊಪ್ಪನೆ ಆಕೆಯ ಪಕ್ಕದಲ್ಲಿ ಕೂತೆ. ಮತ್ತೆ ಏಳಲು ನೋಡಿದೆ. ಆಗಲಿಲ್ಲ. ಕೂಗಿದರೆ ಕೇಳುವವರಿಲ್ಲ, ಒಳಗಿನಿಂದ ಚಿಲಕ ಬೇರೆ. ಕೈಗೆ ಸಿಕ್ಕ ನೀರಿನ ತಂಬಿಗೆಯನ್ನು ಆಕೆಯ ಬಾಯಿಗೆ ಹಿಡಿದೆ. ಬಾಯಿ ಬಿಗಿದುಕೊಂಡಳು.

"ಕುಡಿ. ಇಲ್ಲಂದ್ರ ಇವತ್ತಿನಿಂದ ನಾನೂ ಯಾ ಗುಳಿಗಿನೂ ಮುಟ್ಟಾಂಗಿಲ್ಲ."

ಕುಡಿದಳು. ತಂಬಿಗೆ ಕೆಳಗಿಟ್ಟು ಮೆಲ್ಲಗೆ ಅಂದಳು: "ತಪ್ಪು ನಂದ ಅದರಿ. ಐದ ಮಂದಿ ಜಂಗಮರು ಅಂತ ಬೇಡ್ಕೊಂಡು ನಾಕ ಮಂದಿಗೆ ಉಣಿಸಿದೆ. ಅದಕ್ಕ ನಿಮ್ಮ ನೋವು ತಿರಗಿ ಬಂದದ. ನೀವು ಮುಚ್ಚಿಟ್ಟರ ನನಗ ಗೊತ್ತಾಗೂದಿಲ್ಲೇನು?"

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಕೆಯ ದೇವರ ಮಾನ ಉಳಿಸಲು ನಾನು ಹಲ್ಲು ಕಚ್ಚಿಕೊಂಡು ನಕ್ಕಿದ್ದೆ. ಆ ನಗುವಿಗಾಗಿ ಆಕೆ ನೀರು ಬಿಟ್ಟು ಒಣಗಿದ್ದಳು.

"ಜಂಗಮರ ಸಂಬಂಧ ಅಲ್ಲ, ಮಾರಾಯ್ತಿ. ಗುಳಿಗಿ ಸಂಬಂಧ," ಎಂದು ಶುರು ಮಾಡಿ ಎಲ್ಲ ಹೇಳಿದೆ. ತಾಟು, ಅಂಚು, ಶ್ರಾವಣ, ಗಣಪತಿ, ಎಲ್ಲ.

"ಜೇವಣದ ನಂತರ ಅಂತ ಔಷಧದ ಅಂಗಡಿಯವ ಹೇಳಿದ್ದ," ಅಂದಳು. "ಊಟನ ಇಲ್ಲದ ಮ್ಯಾಲ ಗುಳಿಗಿ ಹೆಂಗ ಕೊಡ್ಲಿ, ಹೊಟ್ಟಿ ಸುಡ್ತದ ಅಂತ ಬಿಟ್ಟೆ. ಎಣ್ಣಿ ತುಪ್ಪ ತಿನ್ನದವರಿಗೆ ಕೊಬ್ಬಿನ ಗುಳಿಗಿ ಒಂದ್ ತಿಂಗಳು ಇರದಿದ್ರ ಏನಾದೀತು ಅಂದ್ಕೊಂಡೆ."

ದೇವರು ಸೋತ ಮಾತು ಬರುತ್ತದೆ ಎಂದು ನಾನು ಕಾಯುತ್ತಿದ್ದೆ. ಆಕೆ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಳು. "ಅಂದ್ರ ಆ ತಿಂಗಳು ಪೂರಾ ನಿಮ್ಮ ಎದಿಗೆ ರಾತ್ರಿ ಗುಳಿಗಿ ಇರಲಿಲ್ಲ?" ಎಂದಳು. ಇರಲಿಲ್ಲ ಎಂದೆ. ಆಕೆ ಅಳಲು ಶುರು ಮಾಡಿದಳು. ಆಸ್ಪತ್ರೆಯ ಹೊರಗೂ ಆಕೆ ಹಾಗೆ ಅತ್ತಿರಲಿಲ್ಲವಂತೆ. ಅತ್ತು ಮುಗಿದ ಮೇಲೆ ಸ್ಟೂಲು ಎಳೆದುಕೊಂಡು ಆಕೆ ನನ್ನನ್ನು ನೂಕಿದಳು, ನಾನು ಆಕೆಯನ್ನು ಎಳೆದೆ, ಹೇಗೋ ಎದ್ದೆವು.

ಮರುದಿನ ಬೆಳಿಗ್ಗೆಯೇ ನನ್ನನ್ನು ಹೃದಯದ ಡಾಕ್ಟರಲ್ಲಿಗೆ ಎಳೆದೊಯ್ದಳು. ನಮ್ಮ ಡಾಕ್ಟರು ಮಗಳ ವಯಸ್ಸಿನ ಮರಾಠಿ ಹೆಣ್ಣುಮಗಳು. ನೋವಿನ ಮಾತು ಕೇಳಿ ಪೆನ್ನು ಕೆಳಗಿಟ್ಟು, ಇಷ್ಟು ದಿನ ಯಾಕೆ ಹೇಳಲಿಲ್ಲ ಕಾಕಾ ಎಂದು ಕೇಳಿದರು. ನಳ ಸೋರುವ ಕಥೆ ಅವರಿಗೆ ಹೇಳುವ ಧೈರ್ಯವಾಗಲಿಲ್ಲ. ಈ ಗುಳಿಗೆಯಿಂದ ಕೆಲವರಿಗೆ ಸ್ನಾಯು, ಕೀಲು ನೋಯುವುದುಂಟು. ಹೇಳಿದರೆ ದಾರಿಗಳಿವೆ, ಪ್ರಮಾಣ ಕಡಿಮೆ ಮಾಡಬಹುದು, ಬೇರೆ ಗುಳಿಗೆ ಕೊಡಬಹುದು. ಆದರೆ ನೀವಾಗಿ ನಿಲ್ಲಿಸಬಾರದು ಎಂದರು. ನನ್ನ ಈ ಗುಳಿಗೆಗೆ ಊಟದ ಕಟ್ಟುಪಾಡೂ ಇಲ್ಲವಂತೆ, ಬರೀ ನೀರಿನೊಂದಿಗೆ ನುಂಗಿದರೂ ನಡೆಯುತ್ತದಂತೆ. ರಕ್ತ ಪರೀಕ್ಷೆ ಬರೆದರು, ಸ್ವಲ್ಪ ದಿನ ತಮ್ಮ ನಿಗಾದಲ್ಲಿ ನಿಲ್ಲಿಸಿ ಆಮೇಲೆ ಬೇರೊಂದು ಗುಳಿಗೆಯನ್ನು ಕಡಿಮೆ ಪ್ರಮಾಣದಲ್ಲಿ ಶುರು ಮಾಡುತ್ತೇನೆಂದರು. ಹಾಗೇ ಮಾಡಿದರು. ಈಗ ಭುಜ, ಬೆರಳು ನನ್ನ ಮಾತು ಕೇಳುತ್ತವೆ. ಎಡ ಮೊಣಕಾಲು ಮಾತ್ರ ಇನ್ನೂ ತಕರಾರು ತೆಗೆಯುತ್ತದೆ. ಅದು ಗುಳಿಗೆಯದಲ್ಲ, ವಯಸ್ಸಿನದು ಎಂದು ಒಪ್ಪಿಕೊಂಡಿದ್ದೇನೆ.

ಅಂದು ಡಾಕ್ಟರ ಕೋಣೆಯಿಂದ ಏಳುವ ಮೊದಲು ನನ್ನ ಹೆಂಡತಿ ಕೈ ಮುಗಿದು, ಆ ತಿಂಗಳು ನಾನೇ ಗುಳಿಗೆ ಕೊಡಲಿಲ್ಲ, ಇವರಿಗೆ ಏನಾದರೂ ಆಗಿದ್ದರೆ ಎಂದು ಮರಾಠಿಯಲ್ಲಿ ತಡವರಿಸಿ ಕೇಳಿದಳು. ಡಾಕ್ಟರು ಆಕೆಯ ಕೈ ಹಿಡಿದು, ಆಗಬಹುದಿತ್ತು, ಆಗಲಿಲ್ಲ, ನಸೀಬ ಅಂದುಕೊಳ್ಳಿ ಕಾಕೂ ಎಂದರು.

ಹೊರಗೆ ಬಂದು ಬಸ್ಸಿಗೆ ಕಾಯುತ್ತ ನಿಂತೆವು. ಸ್ಟಾಪಿನ ಕಬ್ಬಿಣದ ಬೆಂಚಿನ ಮೇಲೆ ಜಾಗವಿತ್ತು, ನಾವಿಬ್ಬರೂ ಕೂತೆವು. ಆಕೆ ಡಾಕ್ಟರ ಚೀಟಿಯನ್ನು ಮಡಚಿ ಚೀಲಕ್ಕೆ ಹಾಕಿದಳು. ನಾನು ಚುಚ್ಚುತ್ತೇನೆಂದು ಕಾಯುತ್ತಿದ್ದಾಳೆ ಅನ್ನಿಸಿತು. ನಿನ್ನ ಮಲ್ಲಯ್ಯನ ಕಾರಭಾರ ಬಯಲಾಯಿತಲ್ಲ ಎಂದು ನಾನು ಅನ್ನಲಿಲ್ಲ, ಅನ್ನುವ ಮನಸ್ಸೂ ಆಗಲಿಲ್ಲ. ಕಡೆಗೆ ಆಕೆಯೇ ಬಾಯಿ ಬಿಟ್ಟಳು.

"ನಿಮ್ಮ ಕಾಲು ಬಿಡಿಸಿದ್ದು ಮಲ್ಲಯ್ಯ ಅಲ್ಲ. ಅದು ಗುಳಿಗಿ ಬಿಟ್ಟದ್ದಕ್ಕ. ನಾ ಒಪ್ಕೋತೀನಿ."

"ಹೋಗ್ಲಿ ಬಿಡು," ಎಂದೆ.

"ಆದ್ರ ಡಾಕ್ಟರಬಾಯಾರು ನಸೀಬ ಅಂದ್ರಲ್ಲ. ಆ ತಿಂಗಳು ನಾ ಗುಳಿಗಿ ಕೊಡಲಿಲ್ಲ. ಔಷಧ ಇರಲಿಲ್ಲ, ಡಾಕ್ಟರು ಇರಲಿಲ್ಲ. ನಿಮ್ಮ ಎದಿ ನಡೀತು. ಆ ನಸೀಬ ಅಂದ್ರ ಯಾರ್ರಿ?"

ಇಂಥ ಪ್ರಶ್ನೆಗೆ ಉತ್ತರ ನನ್ನ ನಾಲಿಗೆಯ ತುದಿಯಲ್ಲೇ ಇರುತ್ತಿತ್ತು. ಒಂದು ತಿಂಗಳು ಗುಳಿಗೆ ತಪ್ಪಿದರೂ ಎಷ್ಟೋ ಜನರ ಎದೆ ನಡೆಯುತ್ತದೆ ಎನ್ನಬಹುದಿತ್ತು. ಬೆಳಗಿನ ಗುಳಿಗೆ ಇತ್ತಲ್ಲ ಎನ್ನಬಹುದಿತ್ತು. ಎರಡೂ ನಿಜವೇ. ಆಕೆಯ ಮುಖ ನೋಡಿದೆ. ನೀರು ಬಿಟ್ಟು ಒಣಗಿದ ತುಟಿ ಇನ್ನೂ ಬಿರಿದಿತ್ತು.

"ನನಗ ಗೊತ್ತಿಲ್ಲ," ಎಂದೆ.

ಆಕೆ ಸೆರಗಿನಿಂದ ಮುಖ ಒರೆಸಿಕೊಂಡಳು. "ಅಷ್ಟ ಸಾಕ್ರಿ," ಎಂದು, ಬಸ್ಸು ಬರುವುದನ್ನು ನೋಡಿ ನನ್ನನ್ನು ಎಬ್ಬಿಸಲು ಕೈ ಚಾಚಿದಳು.